ನಮ್ಮ ಉಸಿರಲ್ಲೂ ಅದೇ ಅನಿಲ ಇದೆಯಲ್ಲ, ಹಾಗಾದ್ರೆ ತಪ್ಪು ಹೊಗೆಯದ್ದೇ ಅಂತ ಹೇಗೆ ಗೊತ್ತು?

ಪ್ರಶ್ನೆ: ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗಿ ಭೂಮಿ ಬಿಸಿಯಾಗ್ತಿದೆ ಅಂತಾರೆ. ಆದರೆ ನಾವು ಉಸಿರು ಬಿಟ್ಟರೂ ಅದೇ ಬರುತ್ತೆ, ದನಕರು ಬಿಟ್ಟರೂ ಅದೇ, ಜ್ವಾಲಾಮುಖಿ ಉಗುಳಿದರೂ ಅದೇ. ಗಾಳಿಯಲ್ಲಿ ಎಲ್ಲಾ ಕಲಸಿಹೋದ ಮೇಲೆ ಇದು ಕಲ್ಲಿದ್ದಲಿನದು, ಇದು ಪೆಟ್ರೋಲಿನದು ಅಂತ ಹೇಗೆ ಗುರುತು ಹಿಡಿದರು?

ಉತ್ತರ: ಈ ಪ್ರಶ್ನೆಯನ್ನು ಕೆಲವರು ಕುತೂಹಲಕ್ಕೆ ಕೇಳುತ್ತಾರೆ, ಕೆಲವರು ಸುಮ್ನೆ ಕಾಲೆಳೆಯಲಿಕ್ಕೆ. ಇಬ್ಬರಿಗೂ ಉತ್ತರ ಒಂದೇ. ಗುರುತು ಹಿಡಿಯಬಹುದು, ಹಿಡಿದೂ ಆಗಿದೆ.

ಮೊದಲು ಉಸಿರಿನ ಲೆಕ್ಕ ಮುಗಿಸೋಣ. ಒಬ್ಬ ಮನುಷ್ಯ ದಿನಕ್ಕೆ ಹೆಚ್ಚುಕಡಿಮೆ 1 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾನೆ. 800 ಕೋಟಿ ಜನ ಅಂದರೆ ಗಾಬರಿಯಾಗುತ್ತೆ ಅಲ್ವಾ? ಆದರೆ ಅದರಲ್ಲಿರುವ ಇಂಗಾಲ (ಕಾರ್ಬನ್) ನಮ್ಮ ಮೈಗೆ ಬಂದದ್ದು ತಿಂದ ಮುದ್ದೆಯಿಂದ. ಮುದ್ದೆಗೆ ಬಂದದ್ದು ರಾಗಿಯಿಂದ. ರಾಗಿ ಪೈರು ಅದನ್ನು ಹೋದ ಮಳೆಗಾಲದಲ್ಲಿ ಗಾಳಿಯಿಂದಲೇ ಎಳೆದುಕೊಂಡಿತ್ತು. ಇಸ್ಕೊಂಡದ್ದನ್ನು ವಾಪಸ್ ಕೊಟ್ಟೆವು, ಅಷ್ಟೇ. ಕೈಸಾಲದ ಹಾಗೆ. ಗಾಳಿಯ ಖಾತೆಗೆ ಹೊಸದಾಗಿ ಒಂದು ಪೈಸೆಯೂ ಸೇರಲಿಲ್ಲ.

ಕಲ್ಲಿದ್ದಲಿನ ಕಥೆ ಬೇರೆ. ಬಯಲುಸೀಮೆಯ ಹಿರಿಯರಿಗೆ ಹಗೇವು ಗೊತ್ತು. ನೆಲದೊಳಗೆ ಗುಂಡಿ ತೋಡಿ, ಕಾಳು ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುವುದು. ಬರಗಾಲಕ್ಕೆ ಇರಲಿ ಅಂತ. ನಮ್ಮ ತಾತ ಹೇಳುತ್ತಿದ್ದರು, ಹಗೇವಿನ ಬಾಯಿ ತೆಗೆದ ತಕ್ಷಣ ಒಳಗೆ ಇಳಿಯಬಾರದು ಅಂತ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರಿತೋ, ಯಾರೂ ಇಳಿಯುವಂತಿಲ್ಲ. ಒಳಗಿನ ಕಾಳು ತಿಂಗಳುಗಟ್ಟಲೆ ಉಸಿರಾಡಿ ಆಕ್ಸಿಜನ್ ಖಾಲಿ ಮಾಡಿ, ಅದರ ಜಾಗಕ್ಕೆ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತೆ. ಈ ದೀಪ ನೆನಪಿರಲಿ, ಆಮೇಲೆ ಬೇಕಾಗುತ್ತೆ.

ಕಲ್ಲಿದ್ದಲೂ ಒಂದು ಹಗೇವೇ. ತೆಲಂಗಾಣದ ಸಿಂಗರೇಣಿ ಗಣಿಗಳಿಂದ ರಾಯಚೂರಿನ ಶಕ್ತಿನಗರಕ್ಕೆ ರೈಲಿನಲ್ಲಿ ಬರುವ ಕಲ್ಲಿದ್ದಲು 25 ಕೋಟಿ ವರ್ಷಕ್ಕೂ ಹಿಂದಿನ ಗಿಡಮರ. ಆಗ ಹೂತುಹೋದ ಇಂಗಾಲ ಈಗ ಚಿಮಣಿಯಿಂದ ಹೊರಬರುತ್ತಿದೆ. ಇದು ಕೈಸಾಲ ಅಲ್ಲ, ಹೊಸ ಜಮೆ.

ಸರಿ, ಗುರುತು ಎಲ್ಲಿದೆ? ಗಾಳಿಯಲ್ಲಿ ಇಂಗಾಲ-14 ಅನ್ನುವ ವಿಕಿರಣಶೀಲ ಇಂಗಾಲ ತೀರಾ ಚೂರು ಇರುತ್ತೆ. ಬದುಕಿರುವ ಗಿಡದಲ್ಲೂ ಇರುತ್ತೆ, ನಮ್ಮಲ್ಲೂ ಇರುತ್ತೆ. ಜೀವ ಹೋದ ಮೇಲೆ 5,730 ವರ್ಷಕ್ಕೆ ಅರ್ಧವಾಗುತ್ತೆ, ಇನ್ನಷ್ಟೇ ವರ್ಷಕ್ಕೆ ಕಾಲು ಭಾಗ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದಾಗ ಸಿಕ್ಕ ಇದ್ದಿಲಿನ ವಯಸ್ಸು ಹೇಳಿದ್ದು ಇದೇ ಲೆಕ್ಕದಿಂದ. ಕೋಟಿಗಟ್ಟಲೆ ವರ್ಷದ ಕಲ್ಲಿದ್ದಲು, ಪೆಟ್ರೋಲಿನಲ್ಲಿ ಇದು ಸೊನ್ನೆ.

ಹಾಲಿಗೆ ನೀರು ಬೆರೆಸಿದರೆ ಡೇರಿಯಲ್ಲಿ ಲ್ಯಾಕ್ಟೋಮೀಟರ್ ಹೇಳಿಬಿಡುತ್ತೆ. ಇಲ್ಲೂ ಹಾಗೇ. ಇಂಗಾಲ-14 ಇಲ್ಲದ ಹಳೇ ಇಂಗಾಲ ಬೆರೆತಷ್ಟೂ ಗಾಳಿಯ ಇಂಗಾಲ-14 ತೆಳುವಾಗಬೇಕು. 1955ರಲ್ಲಿ ಹ್ಯಾನ್ಸ್ ಸೂಸ್ ಅನ್ನುವ ವಿಜ್ಞಾನಿ ಮರದ ಉಂಗುರಗಳಲ್ಲಿ ಇದನ್ನೇ ತೋರಿಸಿದರು. 20ನೇ ಶತಮಾನದ ಮರದಲ್ಲಿ ಅದು ಹಳೇ ಮರಕ್ಕಿಂತ ಕಡಿಮೆಯಿತ್ತು. ಅಂದರೆ ಗಾಳಿಗೆ ಸೇರುತ್ತಿರುವುದು ಹಳೇ ಇಂಗಾಲ.

ಇಲ್ಲಿ ಜಾಣ ಓದುಗರು ತಕರಾರು ತೆಗೆಯಬೇಕು. ಜ್ವಾಲಾಮುಖಿಯ ಇಂಗಾಲವೂ ಹಳೇದೇ, ಅದರಲ್ಲೂ ಇಂಗಾಲ-14 ಇಲ್ಲ! ನಿಜ. ಆ ಒಂದೇ ಗುರುತು ಸಾಲದು. ಈಗ ಹಗೇವಿನ ದೀಪ ತನ್ನಿ. ಏನಾದರೂ ಉರಿದರೆ ಆಕ್ಸಿಜನ್ ಖರ್ಚಾಗುತ್ತೆ. ಜ್ವಾಲಾಮುಖಿ ಉಗುಳುವ ಕಾರ್ಬನ್ ಡೈಆಕ್ಸೈಡ್ ಒಳಗಿಂದಲೇ ತಯಾರಾಗಿ ಬರುತ್ತೆ, ಅದಕ್ಕೆ ಗಾಳಿಯ ಆಕ್ಸಿಜನ್ ಬೇಕಿಲ್ಲ. ಅಮೆರಿಕದ ರಾಲ್ಫ್ ಕೀಲಿಂಗ್ ಗಾಳಿಯ ಆಕ್ಸಿಜನ್ನನ್ನು 1980ರ ದಶಕದ ಕೊನೆಯಿಂದ ಬಹಳ ನಾಜೂಕಾಗಿ ಅಳೆಯುತ್ತಾ ಬಂದರು. ಅದು ವರ್ಷ ವರ್ಷ ಇಳಿಯುತ್ತಿದೆ. (ಹೆದರಬೇಡಿ, ಉಸಿರಾಟಕ್ಕೆ ಏನೂ ತೊಂದರೆಯಾಗದಷ್ಟು ಸಣ್ಣ ಇಳಿಕೆ.)

ಈಗ ಎರಡನ್ನೂ ಜೋಡಿಸಿ. ಇಂಗಾಲ ಹಳೇದು. ಅದು ಉರಿದು ಬಂದದ್ದು. ಕಾಡು ಸುಟ್ಟರೆ ಉರಿಯುತ್ತೆ, ಆದರೆ ಆ ಇಂಗಾಲ ಹೊಸದು. ಜ್ವಾಲಾಮುಖಿಯದು ಹಳೇದು, ಆದರೆ ಉರಿದದ್ದಲ್ಲ. ಹಳೇದೂ ಆಗಿ ಉರಿದದ್ದೂ ಆಗಿರಬೇಕು ಅಂದರೆ ಉಳಿಯುವುದು ಕಲ್ಲಿದ್ದಲು, ಎಣ್ಣೆ, ಗ್ಯಾಸ್. ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವುದು ಇದೇ ತರ್ಕ. ಕಂಪ್ಯೂಟರ್ ಮಾದರಿ ಏನೂ ಬೇಕಿಲ್ಲ. ಹಾಗಂತ ಕಾಡು ಕಡಿಯುವವರಿಗೆ ವಿನಾಯಿತಿ ಇಲ್ಲ, ಅವರ ಪಾಲೂ ಇದೆ, ಕಲ್ಲಿದ್ದಲು-ಎಣ್ಣೆಗಿಂತ ಈಗ ಕಡಿಮೆ, ಅಷ್ಟೇ. ಗದ್ದೆ, ದನಕರುಗಳ ಮೀಥೇನ್ ಕೂಡ ಬಿಸಿ ಏರಿಸುತ್ತೆ, ಅದನ್ನು ಇನ್ನೊಮ್ಮೆ ನೋಡೋಣ.

ಪ್ರಮಾಣದಲ್ಲೂ ಜ್ವಾಲಾಮುಖಿ ಸೋಲುತ್ತೆ. 1991ರಲ್ಲಿ ಫಿಲಿಪೀನ್ಸ್‌ನ ಪಿನಾಟುಬೊ ಭಾರೀ ಸದ್ದು ಮಾಡಿ ಸಿಡಿಯಿತು. ಬಿಟ್ಟ ಕಾರ್ಬನ್ ಡೈಆಕ್ಸೈಡ್ ಸುಮಾರು 5 ಕೋಟಿ ಟನ್. ನಾವು ಕಲ್ಲಿದ್ದಲು-ಎಣ್ಣೆ-ಗ್ಯಾಸ್ ಸುಟ್ಟು ದಿನಕ್ಕೆ ಸುಮಾರು 10 ಕೋಟಿ ಟನ್ ಬಿಡುತ್ತೇವೆ. ಅದರ ಮೇಲೆ ಪಿನಾಟುಬೊ ಎಸೆದ ಗಂಧಕದ ಮಂಜು ಬಿಸಿಲು ತಡೆದು ಭೂಮಿಯನ್ನು ಒಂದೆರಡು ವರ್ಷ ತಣ್ಣಗೂ ಮಾಡಿತು. ಇನ್ನು ಸೂರ್ಯ? ಅದು ಜಾಸ್ತಿ ಉರಿದಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಆ ಪದರ ತಣ್ಣಗಾಗುತ್ತಿದೆ, ಕೆಳಗಷ್ಟೇ ಬಿಸಿ.

"ನನ್ನ ಒಂದು ಸ್ಕೂಟರಿನಿಂದ ಏನಾಗುತ್ತೆ ಬಿಡಿ" ಅನ್ನುವವರಿಗೆ ಒಂದು ಸಣ್ಣ ಲೆಕ್ಕ. ಬಂಕಿನಲ್ಲಿ ಹಾಕಿಸುವ 1 ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕೆಜಿ. ಅದು ಉರಿದರೆ ಬರುವ ಕಾರ್ಬನ್ ಡೈಆಕ್ಸೈಡ್ 2.3 ಕೆಜಿ! ತಪ್ಪು ಅಚ್ಚಾಗಿಲ್ಲ. ಇಂಗಾಲದ ಒಂದೊಂದು ಪರಮಾಣುವೂ ಗಾಳಿಯಿಂದ ಎರಡೆರಡು ಆಕ್ಸಿಜನ್ ಪರಮಾಣು ಹಿಡಿದುಕೊಳ್ಳುತ್ತೆ, ತೂಕ ಅಲ್ಲಿಂದ ಬರುತ್ತೆ. ಇಷ್ಟು ದಿನ ಸೈಲೆನ್ಸರ್‌ನಿಂದ ಬರುವುದಕ್ಕೆ ತೂಕವೇ ಇಲ್ಲ ಅಂದುಕೊಂಡಿದ್ದೆವು, ಅಲ್ವಾ?

ಕೊನೆಯದಾಗಿ, ಓದುಗರೊಬ್ಬರು ಹಿಂದೆ ಕೇಳಿದ್ದು: ಈ ಅನಿಲವನ್ನು 1958ರಿಂದ ಅಳೆಯುತ್ತಿರುವುದೇ ಹವಾಯಿಯ ಮೌನಾ ಲೋವಾ ಜ್ವಾಲಾಮುಖಿಯ ಮೇಲೆ, ಅದರ ಹೊಗೆ ಲೆಕ್ಕ ಕೆಡಿಸಲ್ವಾ? ರಾಲ್ಫ್ ಅವರ ತಂದೆ ಚಾರ್ಲ್ಸ್ ಡೇವಿಡ್ ಕೀಲಿಂಗ್ ಶುರುಮಾಡಿದ ಅಳತೆ ಅದು. ಬಾಯಿಯ ಕಡೆಯಿಂದ ಗಾಳಿ ಬಂದಾಗ ಅಂಕಿ ತಟ್ಟನೆ ಏರಿಳಿಯುತ್ತೆ, ಅದು ಎದ್ದು ಕಾಣುವುದರಿಂದ ಕೈಬಿಡುತ್ತಾರೆ. ಜ್ವಾಲಾಮುಖಿಯೇ ಇಲ್ಲದ ಕಡೆ ಅಳೆದರೂ ಏರಿಕೆ ಅದೇ. ಮೊದಲು 10 ಲಕ್ಷ ಭಾಗ ಗಾಳಿಯಲ್ಲಿ ಸುಮಾರು 315 ಭಾಗ ಇತ್ತು. ನವೆಂಬರ್ 2022ರಲ್ಲಿ ಮೌನಾ ಲೋವಾ ಸಿಡಿದು, ಲಾವಾ ಹರಿದು ರಸ್ತೆ, ಕರೆಂಟು ಎರಡೂ ಹೋಯಿತು. ಪಕ್ಕದ ಮೌನಾ ಕೆಯಾ ಬೆಟ್ಟದ ಮೇಲೆ ಉಪಕರಣ ಇಟ್ಟು ಅಳತೆ ಮುಂದುವರಿಸಿದರು. 2024ರ ಸರಾಸರಿ 424 ದಾಟಿತ್ತು.