ಟಕೀಲಾ ಸುರಿದರೂ ಓಡಿದ ಕಾರಿಗೆ ಪೆಟ್ರೋಲು ಏಕೆ ಆಗಿಬರಲಿಲ್ಲ?

ಪ್ರಶ್ನೆ: 1963ರ ಕ್ರೈಸ್ಲರ್ ಟರ್ಬೈನ್ ಕಾರು ಯಾವ ಎಣ್ಣೆ ಹಾಕಿದರೂ ಓಡುತ್ತಿತ್ತಂತೆ. ನಿಜವೇ? ಹಾಗಿದ್ದರೆ ಮಾರಾಟಕ್ಕೆ ಬರಲಿಲ್ಲವೇಕೆ?

ಬಹುಮಟ್ಟಿಗೆ ನಿಜ. ಡೀಸೆಲ್, ಸೀಮೆಎಣ್ಣೆ, ಜೆಟ್ ಇಂಧನ ಎಲ್ಲವೂ ನಡೆಯುತ್ತಿತ್ತು. ಮೆಕ್ಸಿಕೋದ ಆಗಿನ ಅಧ್ಯಕ್ಷ ಅಡಾಲ್ಫೊ ಲೋಪೆಸ್ ಮಾಟಿಯೋಸ್ ಅದಕ್ಕೆ ತಮ್ಮ ದೇಶದ ಮದ್ಯ ಟಕೀಲಾ ಹಾಕಿಸಿಯೇ ಓಡಿಸಿ ನೋಡಿದರು. ತಮಾಷೆಯೆಂದರೆ, ಆಗ ಬಂಕುಗಳಲ್ಲಿ ಸಲೀಸಾಗಿ ಸಿಗುತ್ತಿದ್ದ ಸೀಸ ಬೆರೆತ ಪೆಟ್ರೋಲು ಮಾತ್ರ ಅದಕ್ಕೆ ಆಗಿಬರುತ್ತಿರಲಿಲ್ಲ.

ಪಿಸ್ಟನ್ ಎಂಜಿನ್ನಿನಲ್ಲಿ ಇಂಧನ ಸರಿಯಾದ ಕ್ಷಣಕ್ಕೇ ಹೊತ್ತಿಕೊಳ್ಳಬೇಕು. ಮೊದಲೇ ಹೊತ್ತಿದರೆ ನಾಕಿಂಗ್, ಅಂದರೆ ಎಂಜಿನ್ನಿನೊಳಗೆ ಕಟಕಟ ಬಡಿತ. ಅದನ್ನು ತಡೆಯಲೆಂದೇ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ಬಿಸಿ ಅನಿಲದ ರಭಸಕ್ಕೆ ಅಲಗುಗಳ ಚಕ್ರ ತಿರುಗುವ ಟರ್ಬೈನಿಗೆ ಆ ಗೊಡವೆಯಿಲ್ಲ. ಪಂಪ್ ಸ್ಟೌವಿನಂತೆ ಒಮ್ಮೆ ಹೊತ್ತಿದ ಉರಿ ಆರದೆ ಉರಿಯುತ್ತದೆ, ಹಾಗಾಗಿ ಒಂದೇ ಸ್ಪಾರ್ಕ್ ಪ್ಲಗ್ ಸಾಕು. ಆದರೆ ಉರಿದ ಸೀಸ ಬೂದಿಯಾಗಿ ಟರ್ಬೈನಿನ ಅಲಗುಗಳಿಗೆ ಮೆತ್ತಿಕೊಳ್ಳುತ್ತಿತ್ತು.

ಒಳಗಡೆ ಎರಡು ಟರ್ಬೈನ್ ಚಕ್ರಗಳು. ಮೊದಲನೆಯದು ಗಾಳಿಯನ್ನು ಒತ್ತುವ ಕಂಪ್ರೆಸರನ್ನು ತಿರುಗಿಸುತ್ತದೆ, ಎರಡನೆಯದು ಗಾಲಿಗಳನ್ನು. ಇವೆರಡರ ನಡುವೆ ಕೊಂಡಿಯಿಲ್ಲ, ಬಿಸಿ ಅನಿಲವಷ್ಟೇ. ಆದ್ದರಿಂದ ಕಾರು ನಿಂತಿದ್ದರೂ ಎಂಜಿನ್ ಆಫ್ ಆಗುವುದಿಲ್ಲ, ಗೇರ್‌ಬಾಕ್ಸಿಗೆ ಟಾರ್ಕ್ ಕನ್ವರ್ಟರ್ (ಆಟೋಮ್ಯಾಟಿಕ್ ಕಾರಿನಲ್ಲಿ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ದ್ರವದ ಮೂಲಕ ಜೋಡಿಸುವ ಭಾಗ) ಬೇಕಿಲ್ಲ. ಶಕ್ತಿ 130 ಅಶ್ವಶಕ್ತಿಯಷ್ಟೇ ಆದರೂ ನಿಂತಲ್ಲಿಂದಲೇ ಸುಮಾರು 576 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ರೇಡಿಯೇಟರೂ ಇರಲಿಲ್ಲ. ಹೊಗೆಯ ಬಿಸಿ ಪಾದಚಾರಿಗಳನ್ನು ಸುಡದಂತೆ ಎರಡು ರೀಜನರೇಟರ್‌ಗಳು ನೋಡಿಕೊಳ್ಳುತ್ತಿದ್ದವು: ಜೇನುಗೂಡಿನಂಥ ತೂತುಗಳ ಈ ತಟ್ಟೆಗಳು ನಿಧಾನವಾಗಿ ಸುತ್ತುತ್ತ, ಹೊರಹೋಗುವ ಅನಿಲದ ಶಾಖ ಹೀರಿ ಒಳಬರುವ ಗಾಳಿಗೆ ಕೊಡುತ್ತಿದ್ದವು. ಇಡೀ ಎಂಜಿನ್ನಿನಲ್ಲಿ ನನಗೆ ಮೆಚ್ಚುಗೆಯಾಗುವ ಭಾಗ ಇದೇ.

ತೊಂದರೆ ಇದ್ದದ್ದು ಸಿಗ್ನಲ್ಲಿನಲ್ಲಿ. ಐಡ್ಲಿಂಗ್‌ನಲ್ಲೇ ಎಂಜಿನ್ ನಿಮಿಷಕ್ಕೆ 18,000ದಿಂದ 22,000 ಸುತ್ತು ಹಾಕುತ್ತಿತ್ತು, ಅಂದರೆ ನಿಂತಲ್ಲೇ ಇಂಧನ ಕುಡಿಯುತ್ತಿತ್ತು. ಹಸಿರು ದೀಪ ಬಂದು ಆಕ್ಸಿಲರೇಟರ್ ಒತ್ತಿದರೆ, ಕಂಪ್ರೆಸರ್ ವೇಗ ಹಿಡಿಯಲು ಒಂದು, ಒಂದೂವರೆ ಸೆಕೆಂಡು ಬೇಕು; ಆಮೇಲೆ ಕಾರು ಮುನ್ನುಗ್ಗುತ್ತದೆ. ಎತ್ತರದ ಊರುಗಳಲ್ಲಿ ಸ್ಟಾರ್ಟರ್ ಸೋಲುತ್ತಿದ್ದುದೂ ಉಂಟು. ಅಷ್ಟು ಶಾಖ ತಡೆಯುವ ಮಿಶ್ರಲೋಹಗಳು ದುಬಾರಿ. ಜೊತೆಗೆ, ಅಂಥ ಬಿಸಿಯಲ್ಲಿ ಗಾಳಿಯ ಸಾರಜನಕವೂ ಉರಿದು ನೈಟ್ರೋಜನ್ ಆಕ್ಸೈಡ್‌ಗಳಾಗುತ್ತವೆ. ಅಮೆರಿಕದಲ್ಲಿ ಹೊಗೆಯ ನಿಯಮಗಳು ಬಿಗಿಯಾದಂತೆ ಇದೇ ದೊಡ್ಡ ತಲೆನೋವಾಯಿತು.

ಕಾರನ್ನು ಮಾರಲೇ ಇಲ್ಲ. ಇಟಲಿಯ ಗಿಯಾ ಕಂಪನಿ ಮೈಕಟ್ಟು ಮಾಡಿಕೊಟ್ಟ 50 ಕಾರುಗಳನ್ನು 203 ಮಂದಿಗೆ ಸರದಿಯಂತೆ ತಲಾ ಮೂರು ತಿಂಗಳು ಕೊಟ್ಟರು. ಇಂಧನದ ಖರ್ಚು ಮಾತ್ರ ಅವರದು. 1966ರ ಜನವರಿಯಲ್ಲಿ ಪ್ರಯೋಗ ಮುಗಿಯಿತು. ಮೂಲಮಾದರಿಗಳೂ ಸೇರಿ ಇದ್ದ 55 ಕಾರುಗಳಲ್ಲಿ 46ನ್ನು ನಾಶಮಾಡಿದರು, ಉಳಿದದ್ದು 9.