ಒತ್ತೆಯಾಳು: ಬರೀ ಬೀಗ ಹಾಕಿದ್ರೆ ಆಗಲ್ಲ

ಅಕ್ಕನ ಮಗ ಒಂದು ಕಿರುಚಿತ್ರ ಮಾಡಿದ್ದಾನೆ. ಸೋಮವಾರಪೇಟೆ ಕಡೆ ನಮ್ಮ ಪರಿಚಯದವರ ತೋಟದಲ್ಲೇ ಶೂಟಿಂಗ್, ಹಳೇ ಕಾಫಿ ಗೋಡೌನಲ್ಲಿ ಒಂದು ಹುಡುಗೀನ ಕೂಡಿಹಾಕಿರ್ತಾರೆ, ಇಡೀ ಇಪ್ಪತ್ತೆರಡು ನಿಮಿಷ ಕ್ಯಾಮೆರಾ ಆ ಗೋಡೌನ್ ಬಿಟ್ಟು ಆಚೆ ಬರಲ್ಲ. ಚೆನ್ನಾಗೇ ಮಾಡಿದ್ದಾನೆ, ಎರಡು ಮಾತಿಲ್ಲ. ತಗಡಿನ ಮೇಲೆ ಮಳೆ ಹೊಡೆಯೋ ಸದ್ದಲ್ಲಿ ಅವಳು ಕೂಗಿದ್ದು ಅವಳಿಗೇ ಕೇಳ್ಸಲ್ಲ, ಸುಮ್ನೆ ಕೂತು ಗೋಣಿಚೀಲದ ಹೊಲಿಗೆ ಬಿಚ್ಚಿ ಬಿಚ್ಚಿ ದಾರಕ್ಕೆ ದಾರ ಗಂಟು ಹಾಕ್ತಾ ಇರ್ತಾಳೆ, ಅದನ್ನ ನೋಡ್ತಾ ನಮ್ಮ ಉಸಿರೂ ಕಟ್ಟುತ್ತೆ. ಹೆಸರು ಮಾತ್ರ 'ಒತ್ತೆಯಾಳು'.

ಆ ಹೆಸರು ನೋಡಿ ಕೂತ ತಪ್ಪಿಗೆ ನಾನು ಫೋನ್ ಯಾವಾಗ ಬರುತ್ತೆ, ಫೋನ್ ಯಾವಾಗ ಬರುತ್ತೆ ಅಂತ ಕಾಯ್ತಾ ಇದ್ದೆ. ಬರ್ಲೇ ಇಲ್ಲ. ಕೂಡಿಹಾಕಿದೋನು ಯಾರಿಗೂ ಫೋನ್ ಮಾಡಲ್ಲ, ಚೀಟಿ ಕಳ್ಸಲ್ಲ, ದುಡ್ಡು ಕೇಳಲ್ಲ. ಅವನಿಗೆ ಬೇಕಾಗಿರೋದೇ ಅವಳು, ಅವಳು ಅವನ ಹತ್ರಾನೇ ಇದ್ದಾಳೆ, ಮುಗೀತು. ಇದ್ರಲ್ಲಿ ಒತ್ತೆ ಎಲ್ಲಿಂದ ಬಂತು?

ಇವನೊಬ್ಬ ಆಗಿದ್ರೆ ಹುಡುಗ ಅಂತ ಬಿಡ್ತಿದ್ದೆ. ಒಟಿಟಿಲಿ ಡಬ್ಬಿಂಗ್ ಸಿನಿಮಾಗಳ ಕೆಳಗೆ ಬರೋ ಕನ್ನಡ ವಿವರಣೆ ನೋಡಿ, ಯೂಟ್ಯೂಬ್ ರಿವ್ಯೂ ನೋಡಿ, ಒಂದೇ ಜಾಗದಲ್ಲಿ ನಡೆಯೋ ಥ್ರಿಲ್ಲರ್ ಅಂದ ತಕ್ಷಣ ಒಳಗಿರೋರೆಲ್ಲ ಒತ್ತೆಯಾಳು. ನೆಲಮಾಳಿಗೆಯಲ್ಲಿ ಇದ್ರೂ ಒತ್ತೆಯಾಳು, ಬಾವಿಗೆ ಬಿದ್ರೂ ಒತ್ತೆಯಾಳು. ಮೊನ್ನೆ ಒಬ್ರು 'ಲಿಫ್ಟಿನಲ್ಲಿ ಒತ್ತೆಯಾಳಾದ ಯುವಕ' ಅಂತಾನೂ ಅಂದ್ರು. ಲಿಫ್ಟು ಯಾರ ಹತ್ರ ಏನು ಕೇಳ್ತಾ ಇದೆ ಸ್ವಾಮಿ?

ಒತ್ತೆ ಅಂದ್ರೆ ಅಡಮಾನ. ಗಿರವಿ. ಅಡವು ಅನ್ನಿ, ಏನಾದ್ರೂ ಅನ್ನಿ. ಒಂದು ಮಾತು ನಡೆಸಿಕೊಡ್ತೀನಿ ಅನ್ನೋದಕ್ಕೆ ಭದ್ರತೆಯಾಗಿ ಇನ್ನೊಬ್ಬರ ಕೈಲಿ ಇಡೋ ವಸ್ತು. ತಮಿಳಿನ ಒಟ್ರಿ, ಮಲಯಾಳದ ಒಟ್ಟಿ ಇದರ ದಾಯಾದಿಗಳೇ. ನಮ್ಮ ಗಡಿಯಾಚೆ ಮಲಬಾರಿನಲ್ಲಿ ಒಟ್ಟಿ ಅನ್ನೋದು ಜಮೀನಿನ ಅಡಮಾನದ ಒಂದು ಬಗೆ, ಸಾಲ ಕೊಟ್ಟೋನ ಸ್ವಾಧೀನಕ್ಕೇ ಜಮೀನು ಹೋಗ್ತಿತ್ತು, ದುಡ್ಡು ತೀರಿಸಿ ಬಿಡಿಸ್ಕೋಬೇಕಿತ್ತು. ಕನ್ನಡದಲ್ಲಿ ಪದ ಇನ್ನೂ ಬೇರೆ ಕಡೆನೂ ಓಡಾಡಿದೆ. 12ನೇ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆ, ಒಂದು ಒತ್ತೆ ಹಿಡಿದ ಮೇಲೆ ಮತ್ತೊಂದು ಒತ್ತೆ ಹಿಡಿಯೋಳಲ್ಲ ನಾನು ಅಂತಾಳೆ. ಅಲ್ಲಿ ಒತ್ತೆ ಅಂದ್ರೆ ಮುಂಗಡವಾಗಿ ಹಿಡಿದ ಹಣ, ಕೊಟ್ಟ ಮಾತಿನ ಗುರುತು. ಹಿಡಿದ್ರೆ ಮಾತಿಗೆ ಕಟ್ಟುಬಿದ್ದ ಹಾಗೆ. ಎಂಟುನೂರು ವರ್ಷದ ಹಿಂದೆ ಆಯಮ್ಮನಿಗೆ ಇದ್ದ ಸ್ಪಷ್ಟತೆ ನಮ್ಮ ಸಬ್‌ಟೈಟಲ್ ಬರೆಯೋರಿಗೆ ಇಲ್ಲ ಅನ್ನೋದೇ ನನ್ನ ತಕರಾರು.

ನನ್ನ ಅನುಮಾನ ಏನಪ್ಪಾ ಅಂದ್ರೆ ಜನ ಇದನ್ನ ಒತ್ತಾಯದ ಜೊತೆ ಗಂಟು ಹಾಕ್ತಿದ್ದಾರೆ. ಒತ್ತಾಯವಾಗಿ ಇಟ್ಕೊಂಡ ಆಳು, ಅದಕ್ಕೇ ಒತ್ತೆಯಾಳು ಅಂತ. ಹಾಗಲ್ಲ. ಒತ್ತೆ ಒಪ್ಪಂದದ ಮೇಲೂ ಇಡಬಹುದು. 1792ರ ಶ್ರೀರಂಗಪಟ್ಟಣ ಒಪ್ಪಂದ ಎಲ್ಲರೂ ಸ್ಕೂಲಲ್ಲಿ ಓದಿರ್ತೀರಿ, ಕೊಡಗು ಟಿಪ್ಪು ಕೈತಪ್ಪಿದ್ದೂ ಅದೇ ಒಪ್ಪಂದದಲ್ಲಿ. ಮೂರು ಕೋಟಿ ಮೂವತ್ತು ಲಕ್ಷ ದಂಡ, ಅರ್ಧ ಕೈಲಿ, ಉಳಿದದ್ದು ಕಂತಲ್ಲಿ, ಅದು ಬರೋವರೆಗೆ ಟಿಪ್ಪುವಿನ ಇಬ್ಬರು ಮಕ್ಕಳು ಬ್ರಿಟಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕೈಲಿ. ಮದ್ರಾಸಿಗೆ ಕರ್ಕೊಂಡು ಹೋಗಿ ಮರ್ಯಾದೆಯಾಗೇ ಇಟ್ಕೊಂಡಿದ್ರು, 1794ರಲ್ಲಿ ವಾಪಸ್ ಕಳ್ಸಿದ್ರು. ಕತ್ತಲೆ ಕೋಣೆ ಇಲ್ಲ, ಬಾಯಿಗೆ ಬಟ್ಟೆ ತುರುಕಿದ್ದಿಲ್ಲ. ಆದ್ರೂ ಅಪ್ಪಟ ಒತ್ತೆಯಾಳುಗಳು.

ಇನ್ನೂ ಅರ್ಥ ಆಗ್ಲಿಲ್ಲ ಅಂದ್ರೆ ಚಿನ್ನದ ಲೆಕ್ಕದಲ್ಲಿ ಹೇಳ್ತೀನಿ, ಕಾಫಿ ಬೆಳೆಯೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಮಳೆಗಾಲದಲ್ಲಿ ಕೈಯಲ್ಲಿ ಕಾಸಿರಲ್ಲ, ಗೊಬ್ಬರಕ್ಕೆ ಬೇಕು, ಆಳುಗಳ ಬಟವಾಡೆಗೆ ಬೇಕು. ನಮ್ಮಮ್ಮನ ನಾಲ್ಕು ಬಳೆ ಬ್ಯಾಂಕಿಗೆ ಹೋಗುತ್ತೆ, ಕಾಫಿ ಕುಯ್ದು ಕಣದಲ್ಲಿ ಒಣಗಿಸಿ ಮಾರಿದ ಮೇಲೆ ವಾಪಸ್ ಬರುತ್ತೆ. ಅದೇ ಬ್ಯಾಂಕಲ್ಲಿ ಚಿಕ್ಕಮ್ಮನ ಸರ ಲಾಕರಲ್ಲಿದೆ. ಎರಡೂ ಒಂದೇ ಕಟ್ಟಡದಲ್ಲಿ, ಎರಡೂ ಕಬ್ಬಿಣದ ಬಾಗಿಲ ಹಿಂದೆ, ಎರಡಕ್ಕೂ ಬೆಳಕಿಲ್ಲ ಗಾಳಿಯಿಲ್ಲ. ಬಳೆ ಮಾತ್ರ ಒತ್ತೆ. ಯಾಕಂದ್ರೆ ಅದನ್ನ ಬಿಡಿಸೋಕೆ ಹೊರಗಡೆ ಯಾರೋ ಏನೋ ಮಾಡ್ಬೇಕು. ಒತ್ತೆಗೆ ಮೂರು ಜನ ಬೇಕು: ಇಟ್ಕೊಂಡೋನು, ಒಳಗಿರೋನು, ಹೊರಗಿದ್ದು ತೀರಿಸಬೇಕಾದೋನು. ಗೋಡೆ ಇದೆಯಾ, ಎಷ್ಟು ಅಡಿ ಜಾಗ ಅನ್ನೋದೆಲ್ಲ ಆಮೇಲಿನ ಮಾತು.

2000ದಲ್ಲಿ ಡಾ. ರಾಜ್‌ಕುಮಾರ್ ಅವರನ್ನ ಗಾಜನೂರಿನಿಂದ ವೀರಪ್ಪನ್ ಕರ್ಕೊಂಡು ಹೋದಾಗ 108 ದಿನ ಈ ಪದ ಪ್ರತಿ ಮನೇಲೂ ಓಡಾಡ್ತು. ಸರಿಯಾಗೇ ಓಡಾಡ್ತು. ಅಲ್ಲಿ ಕೋಣೆ ಇತ್ತಾ? ಕಾಡು. ಇವತ್ತು ಇಲ್ಲಿ ಬಿಡಾರ, ನಾಳೆ ಇನ್ನೆಲ್ಲೋ. ಆದ್ರೆ ಬೇಡಿಕೆ ಕ್ಯಾಸೆಟ್ಟಲ್ಲಿ ಬರ್ತಿತ್ತು, ಅದನ್ನ ನಡೆಸಿಕೊಡಬೇಕಾದೋರು ಕರ್ನಾಟಕ, ತಮಿಳುನಾಡು ಎರಡು ಸರ್ಕಾರ. ಆ ಕಾಲದಲ್ಲಿ ರೇಡಿಯೋ ಮುಂದೆ ಕೂತು ಈ ಪದ ಕಲಿತ ಜನವೇ ಇವತ್ತು ಲಿಫ್ಟಲ್ಲಿ ಸಿಕ್ಕೊಂಡೋನಿಗೆ ಒತ್ತೆಯಾಳು ಅಂತಿದ್ದಾರಲ್ಲ, ಅದು ಬೇಜಾರು.

ಕೊಡಗಿನವರಿಗಂತೂ ಬರೀ ಸೆರೆ, ಒತ್ತೆ ಎರಡಕ್ಕೂ ಉದಾಹರಣೆ ಮನೆ ಬಾಗಿಲಲ್ಲೇ ಇದೆ. ದೊಡ್ಡ ವೀರರಾಜೇಂದ್ರ ಕೊಡಗಿನ ರಾಜನಾಗೋ ಮೊದಲು ಟಿಪ್ಪುವಿನ ಕೈಲಿದ್ದ ಪಿರಿಯಾಪಟ್ಟಣದ ಕೋಟೆಯಲ್ಲಿ ಇದ್ದ, 1788ರಲ್ಲಿ ತಪ್ಪಿಸ್ಕೊಂಡು ಬಂದ, ಬಂದ ಮೇಲೆ ನಡೆದದ್ದು ಇತಿಹಾಸ. ಅವನನ್ನ ಅಲ್ಲಿಟ್ಟಿದ್ದು ಸಿಂಹಾಸನದಿಂದ ದೂರ ಇರ್ಲಿ ಅಂತ. ಅದು ಸೆರೆ. ಇನ್ನೊಂದು 1833ರದ್ದು. ಕೊಡಗಿನ ಕೊನೇ ರಾಜ ಚಿಕ್ಕವೀರರಾಜೇಂದ್ರನ ತಂಗಿ ದೇವಮ್ಮಾಜಿ, ಅವಳ ಗಂಡ ಚೆನ್ನಬಸವ ಹಿಂದಿನ ವರ್ಷ ಓಡಿಹೋಗಿ ಮೈಸೂರಲ್ಲಿ ಬ್ರಿಟಿಷರ ಆಶ್ರಯ ಸೇರಿಕೊಂಡಿದ್ರು. ಮಾತುಕತೆಗೆ ಅಂತ ಮಲಬಾರಿಂದ ಬ್ರಿಟಿಷರು ಕಳ್ಸಿದ ಕರ್ಣಿಕರ ಮೇನನ್ ಅನ್ನೋರನ್ನ ರಾಜ ಇಲ್ಲೇ ಹಿಡಿದಿಟ್ಕೊಂಡ, ನಮ್ಮವರನ್ನ ಒಪ್ಪಿಸಿ, ನಿಮ್ಮವರನ್ನ ಬಿಡ್ತೀನಿ ಅಂದ. ಮೇನನ್ ಮೇಲೆ ರಾಜನಿಗೆ ಯಾವ ಕೋಪವೂ ಇರಬೇಕಾಗಿಲ್ಲ ನೋಡಿ, ಆ ಮನುಷ್ಯ ಇಲ್ಲಿ ಬಳೆ ಅಷ್ಟೇ. 1834ರ ಏಪ್ರಿಲಲ್ಲಿ ಕಂಪನಿ ಸೈನ್ಯ ಮಡಿಕೇರಿಗೆ ಬಂದಾಗ ಹೇಳಿದ ಕಾರಣಗಳಲ್ಲಿ ಇದೂ ಒಂದು. ಒತ್ತೆ ಇಟ್ಕೊಂಡು ಲೆಕ್ಕ ತಪ್ಪಿದ್ದಕ್ಕೆ ಇದಕ್ಕಿಂತ ದುಬಾರಿ ಉದಾಹರಣೆ ನಮ್ಮ ಜಿಲ್ಲೇಲಂತೂ ಇಲ್ಲ.

ಕಾನೂನೂ ಇದನ್ನ ಬೇರೆ ಮಾಡೇ ನೋಡುತ್ತೆ. ವಿಶ್ವಸಂಸ್ಥೆಯ 1979ರ ಒತ್ತೆಯಾಳು ವಿರೋಧಿ ಒಪ್ಪಂದದ ವ್ಯಾಖ್ಯೆಯಲ್ಲೇ ಮೂರನೆಯವರ ಮೇಲೆ ಒತ್ತಡ ಹಾಕೋ ಉದ್ದೇಶ ಇರ್ಬೇಕು ಅಂತಿದೆ. ನಮ್ಮಲ್ಲಿ ಹಳೇ ದಂಡ ಸಂಹಿತೆಗೆ 364ಎ ಅಂತ 1993ರಲ್ಲಿ ಸೇರಿಸಿದ್ರು, ಕದ್ದೊಯ್ದು ಒತ್ತೆ ಹಣ ಕೇಳೋದಕ್ಕೆ, ಮರಣದಂಡನೆವರೆಗೂ ಶಿಕ್ಷೆ. ಸುಮ್ನೆ ಕೂಡಿಹಾಕೋದು ಬೇರೆ ಸೆಕ್ಷನ್, ಹಿಂದೆ 340, ಈಗ ನ್ಯಾಯ ಸಂಹಿತೆಯಲ್ಲಿ 127. ಆ ಸೆಕ್ಷನ್ ಕೆಳಗೆ ಒಂದು ಉದಾಹರಣೆ ಕೊಟ್ಟಿದ್ದಾರೆ, ಯಾವ ಥ್ರಿಲ್ಲರ್ ಬರೆಯೋನೂ ಓದ್ಬೇಕಾದ್ದು: ಕಟ್ಟಡದ ಬಾಗಿಲುಗಳಲ್ಲಿ ಬಂದೂಕು ಹಿಡಿದೋರನ್ನ ನಿಲ್ಲಿಸಿ, ಹೊರಗೆ ಕಾಲಿಟ್ರೆ ಸುಡ್ತಾರೆ ಅಂತ ಹೇಳಿದ್ರೂ ಸಾಕು, ಅದೂ ಅಕ್ರಮ ಬಂಧನ. ಬೀಗ ಬೇಕಾಗಿಲ್ಲ.

ಇದನ್ನ ಓದಿದಾಗ ನಂಗೆ ತಕ್ಷಣ ನೆನಪಾಗಿದ್ದು ಇಂಗ್ಲಿಷ್ ಸಿನಿಮಾ 'ಫೋನ್ ಬೂತ್'. ಗಾಜಿನ ಡಬ್ಬಿ, ಬಾಗಿಲು ತಳ್ಳಿದ್ರೆ ರಸ್ತೆ, ಆದ್ರೆ ಎದುರು ಯಾವುದೋ ಕಿಟಕೀಲಿ ಒಬ್ಬ ಬಂದೂಕು ಹಿಡ್ಕೊಂಡಿದ್ದಾನೆ. ಇಲ್ಲಿ ಫೋನ್ ಬರುತ್ತೆ, ಬೇಡಿಕೆನೂ ಇದೆ, ಹಾಗಂತ ಒತ್ತೆಯಾಳಾ? ಆಗಲ್ಲ, ಫೋನ್ ಬಂದಿರೋದೇ ಒಳಗಿರೋನಿಗೆ, ತಪ್ಪು ಒಪ್ಕೋ ಅಂತ ಕೇಳ್ತಿರೋದೂ ಅವನನ್ನೇ. 'ಮಿಸರಿ'ಯೂ ಹಾಗೇ. ಕಾಲು ಮುರಿದ ಕಾದಂಬರಿಕಾರನನ್ನ ಅಭಿಮಾನಿ ನರ್ಸಮ್ಮ ಮನೇಲಿಟ್ಕೊಂಡು, ನನಗಿಷ್ಟವಾದ ಪಾತ್ರಾನ ಬದುಕಿಸಿ ಮತ್ತೆ ಬರಿ ಅಂತ ಜೀವ ತಿಂತಾಳೆ. ಹೊರಗಿನ ಪ್ರಪಂಚದಿಂದ ಅವಳಿಗೆ ಏನೂ ಬೇಡ, ಪ್ರಪಂಚ ಬರದೇ ಇದ್ರೇನೇ ಒಳ್ಳೇದು. ಅದು ಸೆರೆ, ಅದೂ ಬಿಸಿಬಿಸಿ ಊಟ ಹಾಕಿ ಇಟ್ಟ ಸೆರೆ, ಅದಕ್ಕೇ ಅಷ್ಟು ಭಯ. 'ಬರೀಡ್' ನೋಡಿ, ಶವಪೆಟ್ಟಿಗೆಯಷ್ಟೇ ಜಾಗ, ಪೂರ್ತಿ ಸಿನಿಮಾ ಅದರೊಳಗೇ, ಒಬ್ಬ ಮನುಷ್ಯ, ಒಂದು ಮೊಬೈಲು. ಅವನು ಮಾತ್ರ ನಿಜವಾದ ಒತ್ತೆಯಾಳು, ದುಡ್ಡು ಬರ್ಬೇಕಿರೋದು ಮೇಲಿನಿಂದ. ನಮ್ಮ 'ನಿಷ್ಕರ್ಷ'ದಲ್ಲಿ ಬ್ಯಾಂಕಿನ ಕಟ್ಟಡದಲ್ಲಿ ಸಿಕ್ಕಿಬಿದ್ದ ಜನರೂ ಒತ್ತೆಯಾಳುಗಳೇ. ಫ್ರೀಜರ್ ರೂಮಲ್ಲಿ ರಾತ್ರಿಯಿಡೀ ಕಳೆಯೋ ಮಲಯಾಳದ 'ಹೆಲೆನ್' ಹುಡುಗಿ ಎರಡೂ ಅಲ್ಲ, ಒಳಗೆ ಯಾರಿದ್ದಾರೆ ಅಂತ ನೋಡದೆ ಬಾಗಿಲು ಹಾಕಿದ್ರು ಅಷ್ಟೇ. ಅವಳು ಸಿಕ್ಕಿಹಾಕ್ಕೊಂಡಿದ್ದಾಳೆ. 2018ರ ಆಗಸ್ಟಲ್ಲಿ ರಸ್ತೆ ಕುಸಿದು ಗುಡ್ಡದ ಮೇಲಿನ ಮನೆಗಳಲ್ಲೇ ಉಳ್ಕೊಂಡ ನಮ್ಮವರಿಗೆ ಹೇಗೆ ಸಿಲುಕಿದ್ರು ಅಂತೀವೋ ಹಾಗೆ.

ಪದ ಬೇರೆ ಆದ್ರೆ ಸಸ್ಪೆನ್ಸೂ ಬೇರೆ ಆಗುತ್ತೆ ಅನ್ನೋದು ನನ್ನ ವಾದ. ಒತ್ತೆಯ ಕಥೇಲಿ ಗಡಿಯಾರ ಹೊರಗಿರುತ್ತೆ, ದುಡ್ಡು ಹೊಂದುತ್ತಾ, ಪೊಲೀಸು ಬರ್ತಾರಾ, ಕೊಡಬೇಕಾದೋನು ಕೈ ಎತ್ತಿಬಿಟ್ರೆ ಏನು ಗತಿ. ಒಳಗಿರೋನ ಜೀವಕ್ಕೆ ಒಂದು ಬೆಲೆ ಇರೋದ್ರಿಂದ ಅಲ್ಲಿವರೆಗೆ ಅವನು ಉಳೀತಾನೆ ಅನ್ನೋ ಧೈರ್ಯನೂ ನೋಡೋರಿಗೆ ಇರುತ್ತೆ. ಸೆರೆಯ ಕಥೇಲಿ ಆ ಧೈರ್ಯ ಇಲ್ಲ. ಇಬ್ಬರೇ, ಒಂದು ಬಾಗಿಲು, ಇವತ್ತು ಅವನ ಮನಸ್ಸು ಹೇಗಿದೆ ಅನ್ನೋದೇ ಕಥೆ. ಅಳಿಯ ಮಾಡಿರೋದು ಈ ಎರಡನೇ ಜಾತಿ, ಇಟ್ಟಿರೋದು ಮೊದಲನೇ ಜಾತಿ ಹೆಸರು, ಅದಕ್ಕೇ ನಾನು ಅರ್ಧ ಸಿನಿಮಾ ಫೋನಿಗೆ ಕಾದು ಹಾಳು ಮಾಡ್ಕೊಂಡೆ.

ಉಳಿದ ಪದಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬಂಧಿತ ಅಂದ್ರೆ ಪೊಲೀಸರು ಹಿಡಿದೋನು, ಪೇಪರಿನೋರು ಅದನ್ನ ಪೂರ್ತಿ ಗುತ್ತಿಗೆ ತಗೊಂಡಿದ್ದಾರೆ. ಕೈದಿ ಜೈಲಿನೋನು, ಅರಬ್ಬಿಯಿಂದ ಬಂದ ಪದ (ಹಳಗನ್ನಡದ ಕೈದು ಬೇರೆ, ಅದು ಆಯುಧ, ಎರಡನ್ನೂ ಕಲೆಸ್ಬೇಡಿ). ಗೃಹಬಂಧನ ಅಧಿಕಾರ ಇರೋರು ಹಾಕೋದು, ಗಂಡ ಹೊರಗಿಂದ ಚಿಲಕ ಹಾಕ್ಕೊಂಡು ಹೋದ್ರೆ ಅದು ಗೃಹಬಂಧನ ಅಲ್ಲ, ಕೇಸು.

ಸೆರೆ ಅನ್ನೋ ಪದಾನ ನಮ್ಮೂರಲ್ಲಿ ಇವತ್ತಿಗೂ ಸರಿಯಾಗಿ ಬಳಸೋದು ಆನೆ ವಿಷಯದಲ್ಲಿ. 'ಪುಂಡಾನೆ ಸೆರೆ' ಅಂತ ಪೇಪರಲ್ಲಿ ಬರುತ್ತೆ, ಯಾರೂ ಆನೆ ಒತ್ತೆಯಾಳಾಯ್ತು ಅಂತ ಬರೆಯಲ್ಲ, ಸದ್ಯ. ಒಂದೇ ಜಾಗದಲ್ಲಿ ಸಿಕ್ಕಿಬಿದ್ದ ಜೀವ ಹೇಗಿರುತ್ತೆ ಅಂತ ನೋಡ್ಬೇಕಿದ್ರೆ ಇಂಗ್ಲಿಷ್ ಸಿನಿಮಾ ಬೇಡ, ಆನೆ ಶಿಬಿರದ ಕ್ರಾಲ್, ಅಂದ್ರೆ ಹಿಡಿದ ಆನೆ ಕೂಡಿಹಾಕೋ ಮರದ ದೊಡ್ಡಿ, ಸಾಕು. ತಬ್ಬಿದ್ರೆ ಕೈಗೆ ಸಿಗದಷ್ಟು ದಪ್ಪದ ದಿಮ್ಮಿಗಳನ್ನ ಅಡ್ಡಡ್ಡ ಕೂರಿಸಿರ್ತಾರೆ, ಒಳಗೆ ಆನೆ ತಿರುಗೋಕೂ ಲೆಕ್ಕ ಹಾಕ್ಬೇಕು. ನಾನು ನೋಡಿದ ಆನೆ ಒಂದೇ ದಿಮ್ಮಿಗೆ ಹಣೆ ಕೊಟ್ಟು ತಳ್ತಾ ಇತ್ತು, ಬಿಡ್ತಿತ್ತು, ಮತ್ತೆ ಅದೇ ದಿಮ್ಮಿ. ಆ ಜಾಗದಲ್ಲಿ ತೊಗಟೆ ಎದ್ದು ಮರ ಎಣ್ಣೆ ಹಚ್ಚಿದ ಹಾಗೆ ನುಣ್ಣಗಾಗಿತ್ತು. ಮಾವುತ ಸಂದಿಯಲ್ಲಿ ಕಬ್ಬು ತೂರಿಸಿ, ಸೊಂಡಿಲು ಬರೋವರೆಗೆ ಕೈ ಹಿಂದೆ ತಗೊಳ್ಳದೆ ಸುಮ್ನೆ ನಿಂತಿದ್ದ. ಇಬ್ಬರೇ. ಕ್ರಾಲ್ ಅನ್ನೋ ಪದ ಡಚ್ಚರ ಮೂಲಕ ದಕ್ಷಿಣ ಆಫ್ರಿಕಾ ಸುತ್ತಿ ಬಂದಿದ್ದು, ದನದ ದೊಡ್ಡಿ ಅಂತ ಅರ್ಥ, ಅದರ ಕಥೆ ಇನ್ನೊಂದಿನ ಬರೀತೀನಿ.

ಇಷ್ಟನ್ನೂ ಅಳಿಯನಿಗೆ ವಾಟ್ಸಾಪಲ್ಲಿ ಕಳ್ಸಿ, 'ಸೆರೆ' ಅಂತ ಹೆಸರಿಡೋ, ಎರಡೇ ಅಕ್ಷರ, ಪೋಸ್ಟರಿಗೂ ಚೆಂದ ಅಂದೆ. ರಾತ್ರಿ ಉತ್ತರ ಬಂತು: "ಮಾವ, ನಮ್ಮ ಕ್ಯಾಮೆರಾಮನ್ ಕಲಬುರಗಿಯವ್ನು. ಅವ್ರ ಕಡೆ ಸೆರೆ ಅಂದ್ರೆ ಸಾರಾಯಿ ಅಂತೆ. ಗೋಡೌನಲ್ಲಿ ಹುಡುಗಿ, ಮೇಲೆ ಸೆರೆ ಅಂತ ಬರೆದ್ರೆ ಯಾವ ಸಿನಿಮಾ ಅಂದ್ಕೋತಾರೆ ಹೇಳಿ ಅಂತ ಒಂದೇ ಸಮ ನಗ್ತಿದ್ದಾನೆ."

ಪೋಸ್ಟರ್ ಇನ್ನೂ ಪ್ರಿಂಟಿಗೆ ಹೋಗಿಲ್ಲ.