ಹೊಸಿಲ ಮುಂದೆ ನಿಂತುಬಿಡೋ ಕಾಲು

ಅಪ್ಪಂಗೆ ಪಾರ್ಕಿನ್ಸನ್ಸ್ ಅಂತ ಗೊತ್ತಾಗಿ ಆರು ವರ್ಷ ಆಯ್ತು. ಕೈ ನಡುಗೋದು ನಮಗೆಲ್ಲಾ ಅಭ್ಯಾಸ ಆಗಿಹೋಗಿತ್ತು, ಆದ್ರೆ ಹೋದ ವರ್ಷ ಶುರುವಾಗಿದ್ದೇ ಬೇರೆ. ಹಾಲ್‌ನಲ್ಲಿ ಸಲೀಸಾಗಿ ನಡ್ಕೊಂಡು ಬರೋರು ಅಡುಗೆಮನೆ ಹೊಸಿಲು ಬಂದ ತಕ್ಷಣ ನಿಂತುಬಿಡೋರು, ಪಾದ ನೆಲಕ್ಕೆ ಅಂಟ್ಕೊಂಡ ಹಾಗೆ, ಮೈ ಮುಂದಕ್ಕೆ ಬಾಗ್ತಿದೆ ಕಾಲು ಮಾತ್ರ ಏಳ್ತಿಲ್ಲ, ನಾನು ಎದುರಿಗೆ ನಿಂತು "ಬನ್ನಿ ಅಪ್ಪ, ಏನಿದೆ ಅಲ್ಲಿ" ಅಂತ ಕೈ ಹಿಡಿದು ಎಳೆಯೋದು, ಅವರು ಮುಗ್ಗರಿಸೋದು. ಹಾಗೆ ಎಳೀಬಾರದು ಅಂತ ನನಗೆ ಹೇಳಿಕೊಟ್ಟಿದ್ದು ನಮ್ಮ ತುಮಕೂರಿನ ಅಮಾನಿಕೆರೆ ಪಾರ್ಕಲ್ಲಿ ಸಿಕ್ಕ ಒಬ್ರು ಅಜ್ಜಿ.

ಅಲ್ಲಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಹತ್ತು ಹದಿನೈದು ಜನ ಸೇರ್ತೀವಿ, ಅರ್ಧ ಪೇಷೆಂಟುಗಳು ಅರ್ಧ ಮನೆಯವರು. ಬೋರ್ಡಿಲ್ಲ, ರಸೀದಿ ಇಲ್ಲ, ಒಂದು ಜಮಖಾನ, ಫ್ಲಾಸ್ಕಲ್ಲಿ ಕಾಫಿ ಅಷ್ಟೇ. ಆ ಅಜ್ಜಿ ಯಜಮಾನ್ರಿಗೆ ಈ ಕಾಯಿಲೆ ಬಂದು ಹನ್ನೊಂದು ವರ್ಷ. "ಹೊಸಿಲ ಮುಂದೆ ಸೀಮೆಸುಣ್ಣದಲ್ಲಿ ಅಡ್ಡಡ್ಡ ನಾಲ್ಕು ಗೆರೆ ಹಾಕಪ್ಪ, ಒಂದೊಂದು ಹೆಜ್ಜೆ ದೂರಕ್ಕೆ. ನಡೀರಿ ಅನ್ನಬೇಡ, ಗೆರೆ ದಾಟಿ ಅನ್ನು" ಅಂದ್ರು. ಮನೆಗೆ ಬಂದು ಹಾಕ್ದೆ. ಅಪ್ಪ ಬಗ್ಗಿ ನೋಡಿದ್ರು, ಮೊದಲನೇ ಗೆರೆ ದಾಟಿದ್ರು, ಎರಡನೇದು, ಮೂರನೇದು, ಒಳಗೆ ಬಂದೇಬಿಟ್ರು. ಅಮ್ಮ ಸೌಟು ಹಿಡ್ಕೊಂಡೇ ಅತ್ತುಬಿಟ್ಲು.

ಇದರ ಹಿಂದೆ ಮಾಟಮಂತ್ರ ಏನಿಲ್ಲ, ಮಿದುಳಿನ ಲೆಕ್ಕ ಇದೆ. ಮಿದುಳಿನ ಕಾಂಡದ ಮೇಲ್ಭಾಗದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಅಂತ ಒಂದು ಕಪ್ಪು ಬಣ್ಣದ ಜಾಗ, ಅಲ್ಲಿರೋ ಜೀವಕೋಶಗಳು ಡೋಪಮೀನ್ ಅನ್ನೋ ರಾಸಾಯನಿಕ ತಯಾರಿಸ್ತವೆ. ನಾವು ಯೋಚನೆ ಮಾಡದೇನೇ ನಡೀತೀವಲ್ಲ, ಒಂದು ಹೆಜ್ಜೆ ಮುಗೀತಿದ್ದ ಹಾಗೆ ಇನ್ನೊಂದು ತಾನಾಗೇ ಏಳುತ್ತಲ್ಲ, ಆ ಕೆಲಸ ನೋಡ್ಕೊಳ್ಳೋ ಬೇಸಲ್ ಗ್ಯಾಂಗ್ಲಿಯಾ ಅನ್ನೋ ಮಿದುಳಿನ ಭಾಗಕ್ಕೆ ಈ ಡೋಪಮೀನ್ ಬೇಕೇ ಬೇಕು. ಪಾರ್ಕಿನ್ಸನ್ಸಲ್ಲಿ ಆ ಕೋಶಗಳು ನಿಧಾನಕ್ಕೆ ಸಾಯ್ತಾ ಹೋಗ್ತವೆ, ತಾನಾಗೇ ಆಗ್ತಿದ್ದ ನಡಿಗೆ ಕೈಕೊಡುತ್ತೆ. ಆದ್ರೆ ಕಣ್ಣಿಗೆ ಗೆರೆ ಕಂಡು ಅದನ್ನ ದಾಟಬೇಕು ಅಂತ ಗಮನ ಇಟ್ಟಾಗ ಮಿದುಳು ಆ ಹಾಳಾದ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತೆ. ಒಂದು ಎರಡು ಅಂತ ತಾಳ ಹಾಕಿ ಎಣಿಸಿದ್ರೂ ಕೆಲವರಿಗೆ ಹೀಗೇ ಕಾಲು ಏಳುತ್ತೆ. ಎಲ್ಲರಿಗೂ ಒಂದೇ ಥರ ಕೆಲಸ ಮಾಡಲ್ಲ, ಪಕ್ಕದಲ್ಲಿ ಒಬ್ರು ಇದ್ದೇ ಪ್ರಯತ್ನ ಮಾಡ್ಬೇಕು.

ಬೆಂಗಳೂರು ಇಲ್ಲಿಂದ 70 ಕಿಲೋಮೀಟರ್. ಮೂರು ತಿಂಗಳಿಗೊಮ್ಮೆ ಡಾಕ್ಟರ್ ಹತ್ರ ಹೋದ್ರೆ ಮಾತ್ರೆ ಲೆಕ್ಕ ಮಾತಾಡೋಕೇ ಟೈಮು ಸಾಲಲ್ಲ, ಹೊಸಿಲಿನ ವಿಷಯ ಎಲ್ಲಿ ಕೇಳೋದು. ಅದಕ್ಕೇ ತಾಲೂಕಿಗೊಂದು ಇಂಥ ಗುಂಪು ಇರ್ಲೇಬೇಕು ಅಂತ ನಾನು ಕಂಡಕಂಡವರಿಗೆ ಹೇಳ್ತಿರ್ತೀನಿ.

ಅವರೆಕಾಯಿ ಸೀಸನ್ನಲ್ಲಿ ಒಬ್ಬ ಅಕ್ಕ ಬಂದು "ಮಾತ್ರೆ ಹಿಡೀತಾನೇ ಇಲ್ಲ" ಅಂತ ಗೋಳಾಡಿದ್ರು. ವಿಚಾರಿಸಿದ್ರೆ ಯಜಮಾನ್ರು ಮುದ್ದೆ ಜೊತೆ ಹಿತ್ಕಿದ ಅವರೆಬೇಳೆ ಸಾರು ಉಂಡು, ಆ ಕೂಡಲೇ ಮಾತ್ರೆ ನುಂಗ್ತಿದ್ರು. ಮಾತ್ರೆಯಲ್ಲಿರೋ ಲೆವೊಡೋಪಾ, ಅಂದ್ರೆ ಮಿದುಳಿಗೆ ಹೋಗಿ ಡೋಪಮೀನ್ ಆಗೋ ಔಷಧಿ, ಅದು ಕೂಡ ಒಂದು ಅಮೈನೋ ಆಮ್ಲ, ಕಾಳಿನ ಪ್ರೋಟೀನ್ ಕರಗಿದ್ರೂ ಅಮೈನೋ ಆಮ್ಲಗಳೇ. ಕರುಳಲ್ಲೂ ಮಿದುಳಲ್ಲೂ ಎರಡಕ್ಕೂ ಒಳಗೆ ಹೋಗೋಕೆ ಇರೋದು ಒಂದೇ ಬಾಗಿಲು, ರಶ್ಶಿರೋ ಬಸ್ಸಿನ ಥರ, ಕಾಳೇ ನುಗ್ಗಿಬಿಟ್ರೆ ಔಷಧಿ ಸ್ಟಾಪಲ್ಲೇ ಉಳ್ಕೊಳ್ಳುತ್ತೆ. ಊಟಕ್ಕೆ ಅರ್ಧ ಗಂಟೆ ಮುಂಚೆ ಮಾತ್ರೆ ಕೊಡಬಹುದಾ ಅಂತ ಡಾಕ್ಟರ್‌ನ ಕೇಳಿ ಅಂದ್ವಿ, ಕೇಳಿ ಬದಲಾಯಿಸಿದ ಮೇಲೆ ಎಷ್ಟೋ ವಾಸಿ ಆಯ್ತಂತೆ.

ನಸುಗುನ್ನಿ ಬೀಜದ ಪುಡಿ ವಿಷಯ ಪ್ರತಿ ಸಲ ಯಾರಾದ್ರೂ ತೆಗೀತಾರೆ. ಅದರಲ್ಲಿ ನಿಜವಾಗ್ಲೂ ಲೆವೊಡೋಪಾ ಇದೆ, 1937ರಲ್ಲೇ ಇಬ್ಬರು ಭಾರತೀಯ ವಿಜ್ಞಾನಿಗಳು ಆ ಬೀಜದಿಂದ ಅದನ್ನ ಬೇರ್ಪಡಿಸಿದ್ರು, ಪಾರ್ಕಿನ್ಸನ್ಸಿಗೆ ಲೆವೊಡೋಪಾ ಔಷಧಿಯಾಗಿ ಬಂದಿದ್ದು 1960ರ ದಶಕದಲ್ಲಿ. ಆದ್ರೆ ಒಂದು ಚಮಚ ಪುಡೀಲಿ ಎಷ್ಟಿದೆ ಅಂತ ಮನೇಲಿ ಅಳೆಯೋಕಾಗಲ್ಲ, ಅದನ್ನ ನಂಬಿ ಮಾತ್ರೆ ದಿಢೀರನೆ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ ಆಗಬಹುದು. ಇದನ್ನ ಮಾತ್ರ ನಾನು ಕೈ ಮುಗಿದು ಹೇಳ್ತೀನಿ.

ಇನ್ನೊಂದು, ಮುಖ. ಮುಖದ ಸ್ನಾಯು ಬಿಗಿಯಾಗಿ ನಗು ಕಾಣಲ್ಲ, ದನಿ ಸಣ್ಣಗಾಗುತ್ತೆ, ಮನೆಯವರು "ಯಾವಾಗ್ಲೂ ಸಿಡುಕು, ಮಾತಾಡಲ್ಲ" ಅಂದ್ಕೊಳ್ತಾರೆ. ನಾವೂ ಎರಡು ವರ್ಷ ಅಪ್ಪಂಗೆ ನಮ್ಮ ಮೇಲೆ ಕೋಪ ಅಂತಲೇ ಅಂದ್ಕೊಂಡಿದ್ವಿ. ಈಗ ಪಾರ್ಕಲ್ಲಿ ಎಲ್ಲರೂ ಗಟ್ಟಿಯಾಗಿ ಭಜನೆ ಹೇಳ್ತೀವಿ, ದನಿ ಎತ್ತಿ ಹೇಳೋದೇ ಅವರಿಗೆ ವ್ಯಾಯಾಮ.

ಹೋದ ತಿಂಗಳು ಗುಬ್ಬಿ ಕಡೆಯಿಂದ ಒಬ್ಬರು ಹೊಸದಾಗಿ ಬಂದಿದ್ರು, ಬಲಗೈಯನ್ನ ಟವಲ್ ಒಳಗೆ ಮುಚ್ಚಿಟ್ಕೊಂಡೇ ಕೂತಿದ್ರು. ಊರಲ್ಲಿ ಕುಡಿದಿದ್ದಾನೆ ಅಂತಾರಂತೆ, ಮದುವೆ ಮನೆಗೆ ಹೋಗೋದೇ ಬಿಟ್ಟಿದ್ದಾರೆ. ಕಾಫಿ ಬೇಡ ಅಂದ್ರು. ನಮ್ಮಲ್ಲಿ ಚೆಲ್ಲಬಾರದು ಅಂತ ಎಲ್ಲರಿಗೂ ಅರ್ಧ ಲೋಟನೇ ಹಾಕೋದು, ಕಾಯಿಲೆ ಇಲ್ಲದ ನಮಗೂ ಅಷ್ಟೇ. ಅವರು ಸುತ್ತ ಕೂತವರ ಲೋಟಗಳನ್ನ ಒಂದೊಂದೇ ನೋಡಿದ್ರು, ಆಮೇಲೆ ಟವಲ್ ಸರಿಸಿ ನಡುಗೋ ಕೈ ಚಾಚಿದ್ರು.